ಪೆನ್‌ಡ್ರೈವ್ ಬ್ರೌಸರ್: ‘ಗುರುತೇ ಉಳಿಯಲ್ಲ’ ಅನ್ನೋದು ಸುಳ್ಳು
ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಸೈಬರ್ ಸೆಂಟರಿನಲ್ಲಿ ಸೈಟ್ ಬ್ಲಾಕ್ ಆಗಿದ್ದರೆ ಪೆನ್‌ಡ್ರೈವ್‌ನಿಂದ ಪೋರ್ಟಬಲ್ ಬ್ರೌಸರ್ (ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡದೆಯೇ ಓಡುವ ಬ್ರೌಸರ್) ಓಡಿಸಿ, ಯಾವ ಗುರುತೂ ಉಳಿಯಲ್ಲ ಅಂತ.

ಹಾಗೇನಿಲ್ಲ. ಪೆನ್‌ಡ್ರೈವ್ ಚುಚ್ಚಿದ್ದನ್ನೇ ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ, ಅಂದರೆ ಒಳಗಿನ ಸೆಟ್ಟಿಂಗ್‌ಗಳ ದಾಖಲೆಯಲ್ಲಿ, ಬರೆದಿಟ್ಟುಕೊಳ್ಳುತ್ತದೆ. ತಡೆ ಇರುವುದು ಇಡೀ ಸೆಂಟರಿಗೆ ಇಂಟರ್ನೆಟ್ ಹಂಚುವ ರೂಟರಿನಲ್ಲಾದರೆ ಬ್ರೌಸರ್ ಬದಲಿಸಿ ಏನು ಪ್ರಯೋಜನ, ಅಲ್ವಾ? ಅದೂ ಅಲ್ಲದೆ, 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಮಾಲೀಕರು ಗುರುತಿನ ಚೀಟಿ ನೋಡಿಯೇ ಕೂರಿಸಬೇಕು. ಯಾರು, ಯಾವ ಕಂಪ್ಯೂಟರ್, ಬಂದ ಹೊತ್ತು, ಹೋದ ಹೊತ್ತು, ನೋಡಿದ ಸೈಟು, ಎಲ್ಲದರ ದಾಖಲೆ ಕನಿಷ್ಠ 1 ವರ್ಷ ಇಡಬೇಕು.

ಪಹಣಿ ಪ್ರಿಂಟಿಗೆ ಹೋದವರ ಪೆನ್‌ಡ್ರೈವ್‌ಗೆ ವೈರಸ್ ಅಂಟಿ, ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ತಲೆನೋವು ಬೇರೆ. ಕೆಲಸದ ಸೈಟೇ ಬ್ಲಾಕ್ ಆಗಿದ್ದರೆ ಸುಮ್ನೆ ಕೌಂಟರಿನಲ್ಲಿ ಕೇಳಿ.