ಹವಾಮಾನಕ್ಕೆ ನಾನೇ ಹೊಣೆ

ಲೈಸೆನ್ಸ್ ಇಲ್ಲದ ಮೆಕ್ಯಾನಿಕ್ಕಿಗೆ ಇರುವ ಸುಖ ಲೈಸೆನ್ಸ್ ಇರುವ ಗುತ್ತಿಗೆದಾರನಿಗೆ ಇಲ್ಲ. ಎಸಿಯಿಂದ ನೀರು ಸೋರಲಿ, ಹೀಟರ್ ನಡುರಾತ್ರಿಯಲ್ಲಿ ಕೈಕೊಡಲಿ, ಔಟ್‌ಡೋರ್ ಯೂನಿಟ್ ಪಕ್ಕದವರ ಕಿಟಕಿಗೇ ಬಿಸಿಗಾಳಿ ಊದಲಿ, "ಯಜಮಾನರನ್ನು ಒಂದು ಮಾತು ಕೇಳಿ ಹೇಳುತ್ತೇನೆ" ಎಂದು ಏಣಿ ಮಡಚಿ ಹೊರಟರೆ ಮುಗಿಯಿತು. ಆ ಒಂದು ವಾಕ್ಯದ ನೆರಳಿನಲ್ಲಿ ನಾನು ಎಷ್ಟೋ ವರ್ಷ ತಣ್ಣಗೆ ಬಾಳಿದೆ. ಆಮೇಲೆ ನಮ್ಮ ಯಜಮಾನರಿಗೆ ಮಂಡಿನೋವು ಬಂತು. ಏಣಿ ಹತ್ತುವುದಿರಲಿ, ಏಣಿಯ ಕಡೆ ನೋಡುವುದೂ ಬೇಡ ಎಂದು ವೈದ್ಯರು ಹೇಳಿದ ಮೇಲೆ ಅವರು ನನ್ನನ್ನು ಕರೆದು, "ಇನ್ನು ನೀನೇ ಗುತ್ತಿಗೆದಾರನ ಲೈಸೆನ್ಸ್ ಮಾಡಿಸಿಕೊ. ಬೈಸಿಕೊಳ್ಳುವ ವಯಸ್ಸು ನನ್ನದು ಮುಗಿಯಿತು" ಎಂದರು. ಮಾತಿನ ಕೊನೆಯ ಭಾಗವನ್ನು ನಾನು ತಮಾಷೆ ಎಂದುಕೊಂಡೆ.

ಅರ್ಜಿಯ ಮೊದಲ ಪುಟದಲ್ಲಿಯೇ ಅನುಭವದ ಪುರಾವೆ ಕೇಳಿದ್ದರು. ಯಾರ ಕೈಕೆಳಗೆ ದುಡಿದಿದ್ದೀರೋ ಅವರಿಂದ ಪತ್ರ ತರಬೇಕು. ನಮ್ಮ ಯಜಮಾನರು ಕಂಪ್ರೆಸರ್‌ಗೆ ಕಿವಿಯಿಟ್ಟು ಅದರ ಆಯಸ್ಸು ಹೇಳಬಲ್ಲವರು, ಆದರೆ ಪತ್ರ ಬರೆಯುವುದೆಂದರೆ ಬೆವರುತ್ತಾರೆ. ಒಂದು ಸಂಜೆಯೆಲ್ಲ ಕುಳಿತು ಅವರು ಬರೆದುಕೊಟ್ಟದ್ದು ಇಷ್ಟು: "ಇವನು ನನಗೆ ಬಹಳ ವರ್ಷಗಳಿಂದ ಗೊತ್ತು. ಒಳ್ಳೆಯ ಹುಡುಗ. ಇವನು ಬಂದ ಮೇಲೆ ಅಂಗಡಿಯಿಂದ ಯಾವ ಸ್ಪ್ಯಾನರೂ ಕಳೆದಿಲ್ಲ." ಇದಕ್ಕಿಂತ ದೊಡ್ಡ ಪ್ರಶಸ್ತಿ ಅವರಿಂದ ಯಾರಿಗೂ ಸಿಕ್ಕಿರಲಿಲ್ಲ. ಕಚೇರಿಯವರು ಮಾತ್ರ ಅದನ್ನು ಹಾಗೆಯೇ ಹಿಂದಿರುಗಿಸಿ, ಯಾವ ಬಗೆಯ ಯಂತ್ರ, ಎಷ್ಟು ಟನ್, ಅಳವಡಿಕೆಯೋ ದುರಸ್ತಿಯೋ ಎಂದು ಕೋಷ್ಟಕದಲ್ಲಿ ತುಂಬಿಸಿ ತರಲು ಹೇಳಿದರು. ಯಜಮಾನರಿಗೆ ಸಿಟ್ಟು ಬಂತು. "ಸ್ಪ್ಯಾನರ್ ಕದಿಯದವನು ಬೇಕೋ, ಕೋಷ್ಟಕ ತುಂಬುವವನು ಬೇಕೋ ಕೇಳು" ಎಂದರು. ನಾನು ಕೇಳಲಿಲ್ಲ.

ನಂತರ ಬೆರಳಚ್ಚು. ತಾಮ್ರದ ಪೈಪಿನ ಅಂಚು, ಕಾಯಿಲ್‌ನ ಬ್ಲೇಡಿನಂಥ ರೆಕ್ಕೆಗಳು, ಪೈಪು ಬೆಸೆಯುವ ಬ್ರೇಜಿಂಗ್ ಜ್ವಾಲೆ, ಇಷ್ಟರ ನಡುವೆ ಬದುಕಿದ ಬೆರಳಿನಲ್ಲಿ ಗೆರೆ ಉಳಿದಿದ್ದರೆ ಅದೇ ಅನುಮಾನಾಸ್ಪದ. ಯಂತ್ರ ನನ್ನ ಹೆಬ್ಬೆರಳನ್ನು ನೋಡಿ ಸುಮ್ಮನೆ ಕೆಂಪು ದೀಪ ತೋರಿಸಿತು. "ಒರೆಸಿಕೊಂಡು ಒತ್ತಿ" ಎಂದರು. ಒತ್ತಿದೆ. "ಒದ್ದೆ ಮಾಡಿಕೊಂಡು ಒತ್ತಿ" ಎಂದರು. ಅದೂ ಆಯಿತು. ಕೊನೆಗೆ ಅಲ್ಲಿದ್ದ ಹುಡುಗ, "ಸಾರ್, ದಾಖಲೆಯ ಪ್ರಕಾರ ನಿಮಗೆ ಬೆರಳುಗಳೇ ಇಲ್ಲ" ಎಂದು ಬಹಳ ಮರ್ಯಾದೆಯಿಂದ ತಿಳಿಸಿದ. ಅನುಭವವಿದೆ ಎಂಬುದಕ್ಕೆ ಕಚೇರಿ ಕೇಳಿದ ಪುರಾವೆ ಅದೇ ಆಗಿತ್ತಲ್ಲವೇ ಎಂದು ನನಗನ್ನಿಸಿತು, ಆದರೆ ಕೋಷ್ಟಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

ವಿಮೆಯವರ ಜೊತೆ ನಡೆದ ಮಾತುಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. "ನಿಮ್ಮ ಕೆಲಸದಲ್ಲಿ ಅಪಾಯವೇನಾದರೂ ಇದೆಯೇ?" ಎಂದು ಅವರು ನಗುತ್ತಾ ಕೇಳಿದರು. ನಾನು ಪ್ರಾಮಾಣಿಕ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಒಳಗೆ ವಿದ್ಯುತ್ ಹಿಡಿದಿಟ್ಟುಕೊಂಡು ಕಾಯುತ್ತಿರುತ್ತದೆ ಎಂದೆ. ನೈಟ್ರೋಜನ್ ಸಿಲಿಂಡರಿನಲ್ಲಿ ಸುಮಾರು 150 ಬಾರ್ ಒತ್ತಡ, ಅದರ ವಾಲ್ವ್ ಮುರಿದರೆ ಸಿಲಿಂಡರೇ ರಾಕೆಟ್ ಎಂದೆ. ಎಸಿಯೊಳಗೆ ತಂಪು ಮಾಡುವ ಆರ್-22 ಎಂಬ ಅನಿಲದ ದ್ರವ ಹೊರಗಿನ ಗಾಳಿಗೆ ಬಂದರೆ ಸೊನ್ನೆಗಿಂತ 41 ಡಿಗ್ರಿ ಕೆಳಗೇ ಕುದಿಯುತ್ತದೆ, ಚರ್ಮಕ್ಕೆ ತಾಗಿದರೆ ಮಂಜುಗಡ್ಡೆಯ ಗಾಯ ಎಂದೆ. ಏಣಿಯ ವಿಷಯಕ್ಕೆ ಬರುವಷ್ಟರಲ್ಲಿ ಅವರು ಕ್ಯಾಲ್ಕುಲೇಟರ್ ಬದಲಿಸಿಕೊಂಡಿದ್ದರು. ಮೊದಲಿನದರಲ್ಲಿ ಅಂಕಿ ಹಿಡಿಸಲಿಲ್ಲವಂತೆ.

ಓದು ಎಂಬುದು ಮನೆಯಲ್ಲಿ ನಡೆಯಬೇಕಾಗಿತ್ತು, ಅದೇ ಸಮಸ್ಯೆ. ಆ ದಿನಗಳಲ್ಲಿ ದೊಡ್ಡಪ್ಪ ನಮ್ಮಲ್ಲಿಗೆ ಬಂದಿದ್ದರು. ನಿವೃತ್ತ ಮೇಷ್ಟರು, ಎದುರಿಗೆ ಯಾರಾದರೂ ಪುಸ್ತಕ ತೆರೆದರೆ ಅವರಿಗೆ ಪ್ರಶ್ನೆ ಕೇಳದೆ ಇರಲಾಗುವುದಿಲ್ಲ. "ಒಂದೂವರೆ ಟನ್ ಎಸಿ ಎನ್ನುತ್ತೀಯಲ್ಲ, ಒಂದೂವರೆ ಟನ್ ತೂಕವನ್ನು ಈ ಗೋಡೆ ತಡೆಯುತ್ತದೆಯೇ?" ಎಂದರು. ಅದು ತೂಕವಲ್ಲ, ಹಿಂದೆ ಮಂಜುಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದ ಲೆಕ್ಕ ಎಂದು ವಿವರಿಸಿದೆ. ಎರಡು ಸಾವಿರ ಪೌಂಡ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗಲು ಎಷ್ಟು ಶಾಖ ಹೀರುತ್ತದೆಯೋ ಅಷ್ಟು ಶಾಖ ಹೊರಹಾಕುವ ಶಕ್ತಿಗೆ ಒಂದು ಟನ್. ಶಾಖದ ಅಳತೆಯಲ್ಲಿ ಗಂಟೆಗೆ 12,000 ಬಿಟಿಯು, ಹತ್ತಿರ ಹತ್ತಿರ ಮೂರೂವರೆ ಕಿಲೋವ್ಯಾಟ್. ದೊಡ್ಡಪ್ಪ ಕಣ್ಣುಮುಚ್ಚಿ ಲೆಕ್ಕ ಹಾಕಿ, "ಅಂದರೆ ದಿನಕ್ಕೆ ಮೂರು ಸಾವಿರ ಪೌಂಡ್ ಮಂಜುಗಡ್ಡೆ ನಮ್ಮ ಮಲಗುವ ಕೋಣೆಗೆ ಬೇಕೇ? ರಾಜರಿಗೂ ಇಷ್ಟು ಸೊಕ್ಕು ಇರಲಿಲ್ಲ" ಎಂದು ತೀರ್ಪು ಕೊಟ್ಟರು. ಆ ರಾತ್ರಿ ಮಾತ್ರ ಅವರೇ ಮೊದಲು ಹೋಗಿ ಎಸಿಯ ನೇರಕ್ಕೆ ಹಾಸಿಗೆ ಹಾಸಿಕೊಂಡರು.

ಇತಿಹಾಸದ ಅಧ್ಯಾಯ ಪರೀಕ್ಷೆಗೆ ಇರಲಿಲ್ಲ, ಆದ್ದರಿಂದ ನಾನು ಅದನ್ನೇ ಹೆಚ್ಚು ಓದಿದೆ. ಫ್ಲೋರಿಡಾದಲ್ಲಿ ಜಾನ್ ಗೋರಿ ಎಂಬ ವೈದ್ಯ ಜ್ವರದ ರೋಗಿಗಳ ಕೋಣೆ ತಂಪಾಗಿಸಲು ಹೊರಟು, 1851ರಲ್ಲಿ ಮಂಜುಗಡ್ಡೆ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಪತ್ರಿಕೆಗಳು ಗೇಲಿ ಮಾಡಿದವು, ಬಂಡವಾಳ ಹುಟ್ಟಲಿಲ್ಲ, 1855ರಲ್ಲಿ ತೀರಿಕೊಂಡ. ಅರ್ಧ ಶತಮಾನದ ಬಳಿಕ, 1902ರಲ್ಲಿ, ವಿಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಇಂದಿನ ಎಸಿಯ ಮೂಲ ವ್ಯವಸ್ಥೆಯನ್ನು ರೂಪಿಸಿದ. ಯಾರಿಗಾಗಿ? ಬ್ರೂಕ್ಲಿನ್‌ನ ಒಂದು ಮುದ್ರಣಾಲಯದ ಕಾಗದಕ್ಕಾಗಿ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ರೋಗಿಗೆ ತಂಪು ಬೇಕು ಎಂದವನಿಗೆ ನಗೆ, ಕಾಗದಕ್ಕೆ ತಂಪು ಬೇಕು ಎಂದವನಿಗೆ ಗುತ್ತಿಗೆ. ನನ್ನ ಅರ್ಜಿ ಓಡಾಡುತ್ತಿದ್ದ ಪರಿಯನ್ನು ನೋಡಿದರೆ ಕಾಗದದ ಆ ಮರ್ಯಾದೆ ಇನ್ನೂ ಕಡಿಮೆಯಾಗಿಲ್ಲ.

ಗ್ಯಾಸುಗಳ ಅಧ್ಯಾಯ ಬೇರೆಯೇ ಯಾತನೆ. ಅನಿಲ ಯಾವುದು, ಯಾವ ಉಷ್ಣತೆಯಲ್ಲಿ ಎಷ್ಟು ಒತ್ತಡ ಎಂಬ ಪಟ್ಟಿಯನ್ನು ನಮ್ಮ ಕಸುಬಿನವರು ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಾರೆ. ನಾನೊಂದು ಮಗ್ಗಿ ಕಲಿತು ಮುಗಿಸುವಷ್ಟರಲ್ಲಿ ಜಗತ್ತಿನ ದೇಶಗಳೆಲ್ಲ ಸಭೆ ಸೇರಿ ಆ ಅನಿಲವೇ ಬೇಡ ಎನ್ನುತ್ತವೆ. 1930ರಲ್ಲಿ ಥಾಮಸ್ ಮಿಡ್‌ಗ್ಲಿ ಎಂಬ ಅಮೆರಿಕದ ರಸಾಯನ ತಜ್ಞ ತಂಪು ಮಾಡುವ ತನ್ನ ಹೊಸ ಅನಿಲವನ್ನು ವಿಜ್ಞಾನಿಗಳ ಎದುರಿಗೆ ಉಸಿರಿನಲ್ಲಿ ಎಳೆದುಕೊಂಡು, ಅದನ್ನೇ ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದನಂತೆ: ವಿಷವೂ ಅಲ್ಲ, ಬೆಂಕಿಯೂ ಹಿಡಿಯದು ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನೋಡಿದರೆ ಆ ಜಾತಿಯ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತಿವೆ. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ. ಓಝೋನಿಗೆ ಹಾನಿ ಮಾಡದ ಆರ್-410ಎ ಬಂತು, ಒತ್ತಡ ಜಾಸ್ತಿ ಎಂದು ಹೊಸ ಗೇಜ್ ಕೊಂಡೆ; ಅದು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,000 ಪಟ್ಟು ಗಟ್ಟಿಗ ಎಂದರು. 2016ರಲ್ಲಿ ಕಿಗಾಲಿಯಲ್ಲಿ ಮತ್ತೆ ಸಭೆ. ಈಗ ಆರ್-32. ಅದು ಭೂಮಿಯನ್ನು ಬಿಸಿ ಮಾಡುವುದು ಕಡಿಮೆ, ಆದರೆ ಸ್ವಲ್ಪ ಬೆಂಕಿ ಹಿಡಿಯುವ ಗುಣವಿದೆ. ಇಷ್ಟೆಲ್ಲ ಸುತ್ತಿ ಬಂದು ನಾವು ಮೇಣದಬತ್ತಿಯನ್ನು ಮತ್ತೆ ದೂರ ಇಡುವ ಕಾಲಕ್ಕೆ ಬಂದಿದ್ದೇವೆ. ಪರೀಕ್ಷೆಯ ದಿನ ಬೆಳಿಗ್ಗೆಯೂ ನಾನು ಪತ್ರಿಕೆ ತೆರೆದು, ರಾತ್ರೋರಾತ್ರಿ ಯಾರಾದರೂ ಎಲ್ಲಾದರೂ ಸಭೆ ಸೇರಿದ್ದಾರೆಯೇ ಎಂದು ನೋಡಿಕೊಂಡೇ ಹೊರಟೆ.

ಪರೀಕ್ಷೆಯಲ್ಲಿ ಎರಡು ಭಾಗ: ಒಂದು ಕಸುಬಿನದು, ಇನ್ನೊಂದು ಕಾನೂನು ಮತ್ತು ವ್ಯವಹಾರದ್ದು. ಸಭಾಂಗಣದ ತುಂಬ ನನ್ನಂಥವರೇ. ಸೊಂಟದಲ್ಲಿ ಸ್ಪ್ಯಾನರ್ ಇಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದ ಜನ. ಪ್ರಶ್ನೆಪತ್ರಿಕೆ ಕೊಟ್ಟು ಸ್ವಲ್ಪ ಹೊತ್ತಾಗಿರಬೇಕು, ಸೀಲಿಂಗ್‌ನಲ್ಲಿದ್ದ ಕ್ಯಾಸೆಟ್ ಎಸಿ "ಟಿಕ್, ಟಿಕ್, ಗರ್ರ್" ಎಂದಿತು. ಎಲ್ಲರ ತಲೆಯೂ ಒಟ್ಟಿಗೆ ಮೇಲಕ್ಕೆತ್ತಿತು. ಮೇಲ್ವಿಚಾರಕಿ ಬೆಚ್ಚಿ ತಾವೂ ಮೇಲೆ ನೋಡಿದರು. ಅಲ್ಲಿ ಯಾರೋ ಉತ್ತರ ಬರೆದಿಟ್ಟಿದ್ದಾರೆ ಎಂಬ ಗುಮಾನಿ ಅವರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. "ಕಾಗದ ನೋಡಿ" ಎಂದರು. ಎಲ್ಲರೂ ತಲೆ ತಗ್ಗಿಸಿದೆವು. ಮತ್ತೆ "ಟಿಕ್, ಟಿಕ್, ಗರ್ರ್".

ನನ್ನ ಮುಂದಿನ ಪ್ರಶ್ನೆ ಸೂಪರ್‌ಹೀಟ್ (ಕುದಿದು ಆವಿಯಾದ ಮೇಲೂ ಗ್ಯಾಸ್ ಏರಿಸಿಕೊಳ್ಳುವ ಬಿಸಿ) ಹೆಚ್ಚಾಗಿ ಸಬ್‌ಕೂಲಿಂಗ್ (ದ್ರವವಾದ ಮೇಲೂ ಅದು ಇಳಿಸಿಕೊಳ್ಳುವ ಬಿಸಿ) ಕಡಿಮೆಯಾದರೆ ಕಾರಣವೇನು ಎಂಬುದಾಗಿತ್ತು. ಗ್ಯಾಸ್ ಕಡಿಮೆಯಾಗಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಮೇಲಿನ ಆ ಸದ್ದಿನ ಎದುರು ಯಾರಿಗೆ ಸೂಪರ್‌ಹೀಟ್ ಬೇಕು? ಎಡಗಡೆಯವನು ಹಲ್ಲು ಕಚ್ಚಿಕೊಂಡೇ, "ಬೇರಿಂಗ್ ಹೋಗಿದೆ" ಎಂದ. ಬಲಗಡೆಯ ಹಿರಿಯರು ಬರೆಯುವುದನ್ನು ನಿಲ್ಲಿಸದೆ, "ಬ್ಲೋವರ್ ಸ್ಕ್ರೂ ಸಡಿಲವಾಗಿದೆ, ಬೇರಿಂಗಿನ ಸದ್ದು ಹೀಗಿರುವುದಿಲ್ಲ" ಎಂದರು. ಹಿಂದಿನ ಸಾಲಿನಿಂದ ಮೂರನೆಯ ಅಭಿಪ್ರಾಯ ಬಂತು. ಮೇಲ್ವಿಚಾರಕಿ ಓಡಿ ಬಂದು, ಉತ್ತರ ಹಂಚಿಕೊಳ್ಳುತ್ತಿದ್ದೀರಾ ಎಂದು ಗದರಿದರು. ಹಂಚಿಕೊಳ್ಳುವುದೆಲ್ಲಿ ಬಂತು, ಅಲ್ಲಿ ಒಬ್ಬರ ಉತ್ತರವನ್ನು ಇನ್ನೊಬ್ಬರು ಒಪ್ಪುತ್ತಲೇ ಇರಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನವನ ಉತ್ತರಪತ್ರಿಕೆಯ ಮೇಲೆ ಮೇಲಿನಿಂದ ಒಂದು ಹನಿ ನೀರು ಬಿತ್ತು. "ಡ್ರೇನ್ ಪಂಪ್!" ಎಂದು ಇಡೀ ಸಭಾಂಗಣ ಒಂದೇ ಸ್ವರದಲ್ಲಿ ಹೇಳಿತು. ಆ ದಿನ ನಮ್ಮಲ್ಲಿ ಒಮ್ಮತ ಮೂಡಿದ್ದು ಅದೊಂದೇ ವಿಷಯದಲ್ಲಿ.

ಎರಡು ಭಾಗಗಳ ನಡುವಿನ ವಿರಾಮದಲ್ಲಿ ಆ ಹಿರಿಯರು ಕುರ್ಚಿಯನ್ನು ಎಸಿಯ ಕೆಳಗೆ ಎಳೆದು, ಜೇಬಿನಿಂದ ಒಂದು ನಾಣ್ಯ ತೆಗೆದು, ಅದನ್ನೇ ಸ್ಕ್ರೂಡ್ರೈವರ್ ಮಾಡಿಕೊಂಡು ಮುಚ್ಚಳಕ್ಕೆ ಕೈಹಾಕಿದರು. ಇಬ್ಬರು ಕುರ್ಚಿ ಹಿಡಿದರು, ಒಬ್ಬ ಸ್ವಿಚ್ ಆರಿಸಿದ, ನಾನು ಕೆಳಗೆ ಪ್ಯಾಡ್ ಹಿಡಿದು ನಿಂತೆ. ಇಷ್ಟು ಸಮನ್ವಯ ಯಾವ ನಿಜವಾದ ಕೆಲಸದ ಜಾಗದಲ್ಲಿಯೂ ನಾನು ಕಂಡಿಲ್ಲ. ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು ಕೇಳಿದರು:

"ನಿಮ್ಮಲ್ಲಿ ಯಾರಿಗಾದರೂ ಲೈಸೆನ್ಸ್ ಇದೆಯೇ?"

ಯಾರಿಗೂ ಇರಲಿಲ್ಲ. ಅದಕ್ಕೇ ಅಲ್ಲವೇ ನಾವು ಅಲ್ಲಿಗೆ ಬಂದದ್ದು. "ಹಾಗಾದರೆ ಇಳಿಯಿರಿ" ಎಂದರು. ಕಾನೂನಿನ ಪತ್ರಿಕೆಯಲ್ಲಿ ಲೈಸೆನ್ಸ್ ಇಲ್ಲದೆ ಕೆಲಸ ಒಪ್ಪಿಕೊಂಡರೆ ಏನಾಗುತ್ತದೆ ಎಂಬ ಪ್ರಶ್ನೆಯೂ ಇತ್ತು. ಎಲ್ಲರೂ ಅದಕ್ಕೆ ಸರಿಯಾಗಿಯೇ ಉತ್ತರಿಸಿರಬೇಕು.

ಆ ಪತ್ರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ರಾಹಕರು ಕೆಲಸದ ನಡುವೆ ಹೆಚ್ಚುವರಿ ಕೆಲಸ ಹೇಳಿದರೆ ಮೊದಲು ಏನು ಮಾಡಬೇಕು ಎಂದು ಕೇಳಿದ್ದರು. ಲಿಖಿತ ಒಪ್ಪಿಗೆ ಪಡೆಯಬೇಕು ಎಂದು ಬರೆದು ಅಂಕ ಗಿಟ್ಟಿಸಿದೆ. "ಹೇಗೂ ಏಣಿ ಹಾಕಿದ್ದೀರಿ, ಆ ಗಡಿಯಾರಕ್ಕೂ ಒಂದು ಸೆಲ್ ಹಾಕಿಬಿಡಿ" ಎನ್ನುವ ಗೃಹಿಣಿಯ ಮುಂದೆ ಲಿಖಿತ ಒಪ್ಪಿಗೆಯ ಮಾತೆತ್ತುವ ಧೈರ್ಯ ಪರೀಕ್ಷೆ ಬರೆಸಿದವರಿಗೂ ಇರಲಾರದು.

ಲೈಸೆನ್ಸ್ ಬಂತು. ಅಂದಿನಿಂದ ಸೆಕೆಯಾದರೆ ಬಂಧುಗಳು ಆಕಾಶ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಿ ಎಂದು ದುಂಬಾಲು ಬೀಳುವವರಿಗೆ, ಅದು ಪೆಟ್ರೋಲಿನಂತೆ ಖರ್ಚಾಗುವುದಿಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ, ಮೊದಲು ಅದನ್ನು ಹುಡುಕೋಣ ಎಂದರೆ, "ನೀವು ಲೈಸೆನ್ಸಿನವರು ಸುಲಭದ ಕೆಲಸವನ್ನೂ ಕಷ್ಟ ಮಾಡುತ್ತೀರಿ" ಎನ್ನುತ್ತಾರೆ. ನೆರೆಮನೆಯವರು ಒಂದು ಹೆಜ್ಜೆ ಮುಂದೆ. ಎಸಿ ಶಾಖವನ್ನು ನಾಶ ಮಾಡುವುದಿಲ್ಲ, ಒಳಗಿನಿಂದ ಹೊರಗೆ ಸಾಗಿಸುತ್ತದೆ ಅಷ್ಟೆ ಎಂದು ಒಮ್ಮೆ ಅವರಿಗೆ ಹೇಳಿದ್ದೆ. ಈಗ ಅವರು ಬೇಲಿಯ ಆಚೆ ನಿಂತು, "ನಿಮ್ಮ ಅತ್ತೆಯವರ ಕೋಣೆಯ ಬಿಸಿ ನಮ್ಮ ಕಡೆ ಬರುತ್ತಿದೆ, ವಾಪಸ್ ತೆಗೆದುಕೊಳ್ಳಿ" ಎನ್ನುತ್ತಾರೆ.

ಅತ್ತೆಯ ಕೋಣೆಯದೇ ದೊಡ್ಡ ಕಥೆ. ಡೆನ್ಮಾರ್ಕಿನ ಪ್ರೊಫೆಸರ್ ಫ್ಯಾಂಗರ್ 1970ರ ಹೊತ್ತಿಗೆ ಮನುಷ್ಯನಿಗೆ ಹಿತವೆನಿಸಲು ಆರು ಅಂಶಗಳು ಬೇಕೆಂದು ಲೆಕ್ಕ ಕಟ್ಟಿದರು: ಗಾಳಿಯ ಉಷ್ಣತೆ, ಸುತ್ತಲಿನ ಗೋಡೆಗಳ ತಾಪ, ತೇವಾಂಶ, ಗಾಳಿಯ ವೇಗ, ಉಟ್ಟ ಬಟ್ಟೆ, ಮಾಡುವ ಕೆಲಸ. ಏಳನೆಯದು ರಿಮೋಟ್ ಯಾರ ಕೈಯಲ್ಲಿದೆ ಎಂಬುದು; ಅದು ಅವರ ಸೂತ್ರದಲ್ಲಿ ಬಿಟ್ಟುಹೋಗಿದೆ. ಆದರೂ ಅವರು ಅನುಭವಸ್ಥರು. ಎಲ್ಲವನ್ನೂ ಅತ್ಯುತ್ತಮವಾಗಿ ಹೊಂದಿಸಿದರೂ ನೂರಕ್ಕೆ ಐದು ಮಂದಿ ಅತೃಪ್ತರಾಗಿಯೇ ಉಳಿಯುತ್ತಾರೆ ಎಂದು ಅವರ ಸೂತ್ರವೇ ಒಪ್ಪಿಕೊಳ್ಳುತ್ತದೆ. ನಮ್ಮ ಮನೆಯಲ್ಲಿರುವುದು ಐದೇ ಜನ. ಲೆಕ್ಕದ ಪ್ರಕಾರ ಕಾಲು ಮನುಷ್ಯನಷ್ಟು ಅತೃಪ್ತಿ ಇರಬೇಕು. ಅತ್ತೆ ಒಬ್ಬರೇ ನಲವತ್ತು ಜನರ ಪಾಲು ಹೊತ್ತಿದ್ದಾರೆ.

ಅವರು ಗಳಿಗೆಗೊಮ್ಮೆ ರಿಮೋಟ್ ಒತ್ತುತ್ತಿದ್ದರು. ಚಳಿಯಾದರೆ ಮೂವತ್ತು, ಸೆಕೆಯಾದರೆ ಹದಿನಾರು, ನಡುವಿನ ಅಂಕಿಗಳನ್ನು ಯಾರಿಗಾಗಿ ಇಟ್ಟಿದ್ದಾರೋ ಗೊತ್ತಿಲ್ಲ ಎನ್ನುವಂತೆ. ಕೆಲವು ದೊಡ್ಡ ಕಚೇರಿಗಳ ಗೋಡೆಯ ಮೇಲೆ ಯಾವ ತಂತಿಗೂ ಸೇರದ ಥರ್ಮೋಸ್ಟಾಟ್ ಇರುವುದು ನಮ್ಮ ಕಸುಬಿನ ಹಳೆಯ ಗುಟ್ಟು. ಉದ್ಯೋಗಿಗಳು ಅದನ್ನು ತಿರುಗಿಸಿ ನೆಮ್ಮದಿಯಾಗಿ ಕೆಲಸಕ್ಕೆ ಕೂರುತ್ತಾರೆ. ಆ ಶಾಸ್ತ್ರವನ್ನೇ ಆಧರಿಸಿ, ಎಂದೋ ಕಳಚಿ ಎಸೆದಿದ್ದ ಒಂದು ಎಸಿಯ ರಿಮೋಟನ್ನು ಒರೆಸಿ ಅವರ ದಿಂಬಿನ ಪಕ್ಕ ಇಟ್ಟೆ. ಅಸಲಿಯನ್ನು ನನ್ನ ಹೆಂಡತಿಯ ಸುಪರ್ದಿಗೆ ಕೊಟ್ಟು ಇಪ್ಪತ್ತೈದಕ್ಕೆ ನಿಲ್ಲಿಸಿದೆವು.

"ಇದರಲ್ಲಿ ಅಂಕಿ ಕಾಣುವುದಿಲ್ಲವಲ್ಲ, ಅಳಿಯಂದಿರೇ?" ಎಂದರು ಅತ್ತೆ.

"ಅಂಕಿ ನೋಡಿದರೇ ಅರ್ಧ ಚಳಿ ಹತ್ತುತ್ತದೆ ಅತ್ತೆ. ಇದು ಹೊಸ ಮಾದರಿ."

ಅಂದಿನಿಂದ ಕೋಣೆಯ ಬಗ್ಗೆ ದೂರು ನಿಂತಿತು. ಮೊನ್ನೆ ಮನೆಗೆ ಬಂದ ನೆಂಟರಿಗೆ ಅವರು ಆ ರಿಮೋಟನ್ನು ತಿರುಗಿಸಿ, ಹಿಂದಿನ ಮುಚ್ಚಳ ತೆಗೆದು, ಖಾಲಿ ಗೂಡನ್ನು ತೋರಿಸುತ್ತಾ ಹೇಳುತ್ತಿದ್ದರು: "ನೋಡಿ, ಸೆಲ್ ಕೂಡ ಬೇಕಾಗಿಲ್ಲ. ನಮ್ಮ ಅಳಿಯಂದಿರು ಸುಮ್ಮನೆ ಲೈಸೆನ್ಸ್ ತೆಗೆದುಕೊಂಡವರಲ್ಲ."