ಬಾಡಿಗೆ ಮನೆಯವ್ನು ಮತ್ತು ಸ್ಪ್ರಿಂಕ್ಲರ್ ಪೈಪು

1935ರ ಹಾಲಿವುಡ್ ಪಿಚ್ಚರ್ 'ಟಾಪ್ ಹ್ಯಾಟ್' ನೋಡಿದ್ರೆ ಯಾರಿಗಾದ್ರೂ ತಲೆ ಕೆರ್ಕೊಳ್ಳೋ ಹಾಗಾಗುತ್ತೆ, ಅಲ್ಲ ಮಾರಾಯ್ರೆ ಒಂದ್ಸಲ ಹೆಸ್ರು ಕೇಳಿದ್ರೆ ಇವ್ರ ಗಂಟೇನು ಹೋಗ್ತಿತ್ತು? ಫ್ರೆಡ್ ಅಸ್ಟೇರ್, ಜಿಂಜರ್ ರೋಜರ್ಸ್ ಇಬ್ರೂ ಮಳೆ ಬಂದ್ರೂ ಕುಣೀತಾರೆ, ಹೆಸ್ರು ಮಾತ್ರ ಕೇಳಲ್ಲ. ಹೋಟೆಲ್‌ನವ್ನು 'ಬ್ರೀಫ್‌ಕೇಸು, ಕೋಲು ಹಿಡ್ಕೊಂಡಿದಾರಲ್ಲ, ಅವ್ರೇ' ಅಂತ ಹೀರೋಯಿನ್‌ಗೆ ಅವ್ಳ ಫ್ರೆಂಡ್ ಗಂಡನ್ನ ತೋರಿಸ್ತಾನೆ, ಇವ್ಳು ನೋಡೋ ಹೊತ್ತಿಗೆ ಆ ಬ್ರೀಫ್‌ಕೇಸು ಹೀರೋ ಕೈಗೆ ಬಂದಿರುತ್ತೆ, ಅಷ್ಟೇ, ಇವ್ನೇ ನನ್ ಫ್ರೆಂಡ್ ಗಂಡ, ಆದ್ರೂ ನನ್ ಹಿಂದೆ ಬಿದ್ದಿದಾನೆ ಅಂತ ಕಪಾಳಕ್ಕೆ ಬಾರಿಸೇಬಿಡ್ತಾಳೆ. ಮಜಾ ಏನಂದ್ರೆ ವೆನಿಸ್‌ನಲ್ಲಿ ಆ ಫ್ರೆಂಡೇ ಇಬ್ರನ್ನೂ ಕುಣಿಯೋಕೆ ಕಳ್ಸಿ, ಇನ್ನೂ ಹತ್ರ ಹತ್ರ ಅಂತ ಕಣ್ಸನ್ನೆ ಮಾಡ್ತಾಳೆ! ಪಾಪ ಆ ಹುಡುಗಿ ಮುಖ ನೋಡ್ಬೇಕು.

ಇದೆಲ್ಲ ನಮ್ ಕೊಡಗಲ್ಲಿ ಆಗೋ ಮಾತಲ್ಲ. ಇಲ್ಲಿ ಮದ್ವೆಗೆ ಕಾಲಿಟ್ರೆ ಮೊದ್ಲ ಪ್ರಶ್ನೆನೇ 'ಯಾವ ಮನೆ?'. ಮನೆತನ ಹೇಳಿದ್ರೆ ಸಾಕು, ನಿಮ್ಮಜ್ಜನ ತೋಟದ ಬೇಲಿ ತನಕ ಹೇಳ್ತಾರೆ. ಒಬ್ಬ ಆಂಟಿನ ಆ ಹೋಟೆಲಲ್ಲಿ ಕೂರ್ಸಿದ್ರೆ ಪಿಚ್ಚರ್ ಹತ್ತೇ ನಿಮಿಷಕ್ಕೆ ಖತಂ.

ಅಂತ ನಾನೂ ನಂಬಿದ್ದೆ, ವಿರಾಜಪೇಟೇಲಿ ಆ ಮದ್ವೆಗೆ ಹೋಗೋ ತನಕ. ಫ್ರೆಂಡ್ ಬಲವಂತಕ್ಕೆ ಕೊಡವರ ಉದ್ದ ಕೋಟು ಕುಪ್ಯ, ಸೊಂಟದ ಪಟ್ಟಿ ಚೇಲೆ, ಅದಕ್ಕೆ ಸಿಕ್ಕಿಸೋ ಪೀಚೆಕತ್ತಿ ಎಲ್ಲ ಏರಿಸ್ಕೊಂಡಿದ್ದೆ. ಮದುಮಗನದ್ದು ಬಿಳಿ ಕುಪ್ಯ, ಅವ್ನೊಬ್ಬ ಬಚಾವ್, ಉಳ್ದಿರೋ ಗಂಡಸ್ರೆಲ್ಲ ಕಪ್ಪಲ್ಲಿ, ಹಿಂದಿಂದ ನೋಡಿದ್ರೆ ಅಪ್ಪ ಮಗನ ಗುರ್ತೂ ಸಿಗಲ್ಲ. ಗಂಗಾಪೂಜೆ ನಡೀತಿತ್ತು, ಮದುಮಗಳು ನೀರಿನ ಕೊಡ ಹೊತ್ಕೊಂಡು ನಿಂತಿದಾಳೆ, ಗಂಡಿನ ಕಡೆಯೋರು ದಾರಿ ಬಿಡ್ದೆ ಎದುರಿಗೆ ಕುಣೀತಿದಾರೆ, ವಾಲಗದ ಸದ್ದಿಗೆ ಕಿವಿ ಕಿತ್ತೋಗ್ತಿತ್ತು (ಆದ್ರೂ ಕಾಲು ಸುಮ್ನಿರಲ್ಲ ಬಿಡಿ). ಅಷ್ಟ್ರಲ್ಲಿ ಗಿರಿಜಾ ಮೀಸೆ ಅಂಕಲ್ ಒಬ್ರು ಹೆಗಲಿಗೆ ಕೈ ಹಾಕಿ 'ಯಾವ ಮನೆ?' ಅಂದ್ರು.

'ಬಾಡಿಗೆ ಮನೆ ಅಂಕಲ್!'

ಆ ಗಲಾಟೇಲಿ ಅವ್ರಿಗೆ ಯಾವ ಮನೆತನ ಕೇಳಿಸ್ತೋ ಕೊಡಗಿನ ದೇವ್ರು ಇಗ್ಗುತಪ್ಪನೇ ಬಲ್ಲ, ಮುಖ ಕೆಂಪಾಯ್ತು. 'ಓಹೋ ನೀನೇನಾ! ಕಾಫಿ ಹೂವಿಗೆ ನೀರು ಹೊಡೀಬೇಕು ಅಂತ ನಮ್ ಸ್ಪ್ರಿಂಕ್ಲರ್ ಪೈಪ್ ತಗೊಂಡೋಗಿ ಎರಡು ಮಳೆಗಾಲ ಆಯ್ತಲ್ಲೋ!' ನಂಗೆ ತೋಟ ಬಿಡಿ, ಬಾಲ್ಕನೀಲಿ ಒಂದು ತುಳಸಿ ಗಿಡ ಇರೋದು, ಅದನ್ನ ಹೇಳೋಣ ಅಂತ ಬಾಯಿ ತೆಗೆದ್ರೆ ವಾಲಗದೋರು ಸ್ಪೀಡ್ ಜಾಸ್ತಿ ಮಾಡಿದ್ರು. ಪಕ್ಕದಲ್ಲಿ ಕುಣೀತಿದ್ದೋನೊಬ್ಬ 'ಪೈಪ್' ಅಂತ ಕೇಳಿದ್ದೇ ತಡ, ಕುಣೀತಾ ಕುಣೀತಾನೇ ಹಿಂದಕ್ಕೆ ಸರ್ದು ಕಪ್ಪು ಕುಪ್ಯಗಳ ಮಧ್ಯ ಮಾಯ!

ಕೊನೆಗೆ ಅಂಕಲ್ ಪಂದಿಕರಿ (ಹಂದಿ ಮಾಂಸದ ಸಾರು) ಕೌಂಟರ್ ತನಕ ಬೆನ್ನತ್ತಿ ಬಂದು, ನನ್ ತಟ್ಟೆಗೆ ಅವ್ರೇ ಎರಡು ಕಡಂಬುಟ್ಟು (ಅಕ್ಕಿ ತರಿ ಉಂಡೆ) ಹಾಕ್ಸಿ, 'ತಿನ್ನು, ತಿಂದು ನಾಳೆನೇ ತಂದ್ಕೊಡು, ಜಾಯಿಂಟ್ ಸಮೇತ' ಅಂದ್ರು. ಕಡಂಬುಟ್ಟು ಬಿಸಿ ಇತ್ತು, ನಾನೂ 'ಆಯ್ತು ಅಂಕಲ್' ಅಂದೆ.