ಹಿರೇಮದ್ದು ಇದೆ, ಪಥ್ಯ ಎಲ್ಲಿ?

"ನೀನು ಅವರ ಕಡೆಯವನೇ ಆಗಿಬಿಟ್ಟೆ ಬಿಡಣ್ಣ."

ತಂಗಿ ಹೀಗಂದಾಗ ಬೆಳಗ್ಗೆ ಆರೂವರೆ. ಬನಶಂಕರಿಯಲ್ಲಿ ಅವಳ ಮನೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿತ್ತು. ಪಕ್ಕದಲ್ಲಿ ಥೈರಾಯ್ಡ್ ಮಾತ್ರೆಯ ಬಾಟಲಿ, ಅದಕ್ಕೆ ಒತ್ತಿಕೊಂಡು ಅಶ್ವಗಂಧದ ಡಬ್ಬಿ. ನನಗೆ ಅಂತ ಇನ್ನೆರಡು ಡಬ್ಬಿ ತಂದಿಟ್ಟಿದ್ದಳು. ಡೆನ್ಮಾರ್ಕಿನಲ್ಲಿ 2023ರಿಂದ ಇದನ್ನು ಮಾರುವಂತಿಲ್ಲ ಕಣೇ ಅಂದೆ. ಅಷ್ಟೇ. "ನಮ್ಮಜ್ಜಿ ಕೊಡ್ತಿದ್ದ ಮದ್ದನ್ನ ಬೇಡ ಅನ್ನೋಕೆ ಅವರ್ಯಾರು?" ಅಂದಳು.

ಚುಚ್ಚಿತು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಸೇರಿ ನನಗೆ ಹನ್ನೊಂದು ವರ್ಷವಾಯಿತು. ಆದರೆ ಈ ವಿಷಯದಲ್ಲಿ ನಾನು ಅಜ್ಜಿಯ ಕಡೆಯವನೇ.

ಅಪ್ಪ ಟೈಫಾಯ್ಡ್ ಬಂದು ಎದ್ದಾಗ ಅಜ್ಜಿ ಏನು ಮಾಡಿದ್ದರು ಅಂತ ನನಗೆ ಚೆನ್ನಾಗಿ ನೆನಪಿದೆ. ತಿಪಟೂರಿನ ಹತ್ತಿರ ನಮ್ಮೂರು. ಅಶ್ವಗಂಧ ಅನ್ನುವ ಹೆಸರು ಅಜ್ಜಿಯ ಬಾಯಲ್ಲಿ ಬರುತ್ತಿರಲಿಲ್ಲ, ಅವರಿಗೆ ಅದು ಹಿರೇಮದ್ದು. ಬೇರನ್ನು ಹಾಲಿನಲ್ಲಿ ಬೇಯಿಸಿ, ನೆರಳಲ್ಲಿ ಒಣಗಿಸಿ, ಒರಳಿಗೆ ಹಾಕಿ ಕುಟ್ಟಿದರು. ಹಳೇ ಪಂಚೆಯ ತುಂಡಿನಲ್ಲಿ ಪುಡಿಯನ್ನು ಸೋಸಿದರು. ಕುದುರೆ ಮೈಯಂಥ ವಾಸನೆ ಅಡುಗೆಮನೆಯಲ್ಲೆಲ್ಲ. ರಾತ್ರಿ ಮಲಗುವ ಮುಂಚೆ ಅರ್ಧ ಚಮಚ, ಬಿಸಿ ಹಾಲು, ಕಲ್ಲುಸಕ್ಕರೆ. ಹುಳಿ ಇಲ್ಲ, ಖಾರ ಇಲ್ಲ. ಇಪ್ಪತ್ತೊಂದು ದಿನ ತೋಟದ ಕಡೆ ತಲೆ ಹಾಕುವಂತಿಲ್ಲ. ಅಪ್ಪ ಕದ್ದು ಹೋಗಬಾರದು ಅಂತ ಚಪ್ಪಲಿಯನ್ನು ಅಟ್ಟದ ಮೇಲೆ ಇಟ್ಟಿದ್ದರು. ಒಂಬತ್ತಕ್ಕೆ ದೀಪ ಆರಿಸುತ್ತಿದ್ದರು.

ತಂಗಿ ಬೆಳಗ್ಗೆಯೇ ಎರಡು ಕ್ಯಾಪ್ಸೂಲ್ ನುಂಗುತ್ತಾಳೆ, ಎನರ್ಜಿಗೆ. ಏಳಕ್ಕೆ ಕ್ಯಾಬ್. ಸಿಲ್ಕ್ ಬೋರ್ಡ್ ದಾಟಿ ಮಾರತಹಳ್ಳಿ. ಮನೆಗೆ ಬರುವಾಗ ಎಂಟು. ಒಂಬತ್ತೂವರೆಗೆ ಅಮೆರಿಕದವರ ಜೊತೆ ಮೀಟಿಂಗ್. ಆ ಗಿಡದ ಲ್ಯಾಟಿನ್ ಹೆಸರಿನಲ್ಲಿರುವ 'ಸೋಮ್ನಿಫೆರಾ' ಅಂದರೆ ನಿದ್ದೆ ತರುವಂಥದ್ದು. ನಿದ್ದೆಯ ಬೇರನ್ನು ತಿಂದು ನಿದ್ದೆಗೆಡುತ್ತಿದ್ದಾಳೆ ನನ್ನ ತಂಗಿ.

ಡಬ್ಬಿಯ ಮೇಲೆ ದೊಡ್ಡದಾಗಿ 'ಅಡಾಪ್ಟೋಜೆನ್' ಅಂತಿತ್ತು, ಅಂದರೆ ಒತ್ತಡ ತಾಳಿಕೊಳ್ಳಲು ಮೈಗೆ ನೆರವಾಗುತ್ತೆ ಅನ್ನುವ ಪದಾರ್ಥ. 1947ರಲ್ಲಿ ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್ ಕಟ್ಟಿದ ಪದ ಅದು. ಆಮೇಲೆ ಅಲ್ಲಿನವರು ಸೈಬೀರಿಯಾದ ಜಿನ್ಸೆಂಗ್ ಬೇರನ್ನು ನಾವಿಕರಿಗೆ, ಆಟಗಾರರಿಗೆ ಕೊಟ್ಟು ನೋಡಿದರು. ದಣಿದವನು ಇನ್ನಷ್ಟು ದುಡಿಯಬೇಕು, ಲೆಕ್ಕ ಅದು. ಅಜ್ಜಿಯದು ದಣಿದವನನ್ನು ಮಲಗಿಸುವ ಲೆಕ್ಕ.

ಕೋಪನ್‌ಹೇಗನ್ನಿನಲ್ಲಿ ನಮ್ಮ ವಾರ 37 ಗಂಟೆಯದು. ನಾಲ್ಕಕ್ಕೆ ಸೈಕಲ್ ಹತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ನನ್ನ ಪಕ್ಕದ ಮೇಜಿನವಳಿಗೆ ಕೆಲಸದ ಒತ್ತಡ ತಡೆಯದಾದಾಗ ಡಾಕ್ಟರು ಎರಡು ತಿಂಗಳು ರಜೆ ಬರೆದುಕೊಟ್ಟರು. ಬಂದ ಮೇಲೂ ಮೊದಲು ಅರ್ಧ ದಿನವಷ್ಟೇ ಕೆಲಸ. ಯಾವ ಪುಡಿಯೂ ಇಲ್ಲ. ಅಜ್ಜಿಯ ಪಥ್ಯವನ್ನು ನಾನು ಮತ್ತೆ ಕಂಡದ್ದು ಅಲ್ಲಿ.

"ಇದೇನು ಇಂಗ್ಲಿಷ್ ಮದ್ದಾ ಅಣ್ಣ, ನ್ಯಾಚುರಲ್" ಅಂದಳು ತಂಗಿ. ಹಿರೇಮದ್ದು ಅನ್ನುವ ಹೆಸರಿನಲ್ಲೇ ಮದ್ದು ಇದೆ ಅಲ್ವಾ? ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಮೊದಲೇ ಥೈರಾಯ್ಡ್ ಮಾತ್ರೆ ನುಂಗುವವರಿಗೆ ಅದು ಚಿಕ್ಕ ವಿಷಯವಲ್ಲ. ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಅಪರೂಪಕ್ಕಾದರೂ ದಾಖಲಾಗಿವೆ. ಬಸುರಿಯರಿಗಂತೂ ಬೇಡವೇ ಬೇಡ. ಡೆನ್ಮಾರ್ಕಿನವರು ಹೆದರಿದ್ದೂ ಹಾರ್ಮೋನಿನ ವಿಷಯಕ್ಕೆ, ಗರ್ಭಪಾತದ ಭಯಕ್ಕೆ. ನಿನ್ನ ಡಾಕ್ಟರಿಗೆ ಹೇಳಿದ್ದೀಯಾ ಅಂತ ಕೇಳಿದೆ. ಸುಮ್ನೆ ಕಾಫಿ ಬೆರೆಸಿದಳು.

ಬೇರಿನಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎರಡು ತಿಂಗಳು ತೆಗೆದುಕೊಂಡವರ ಆತಂಕ ಇಳಿಯಿತು, ನಿದ್ದೆ ಸುಧಾರಿಸಿತು ಅಂತ ತೋರಿಸಿದ ಅಧ್ಯಯನಗಳಿವೆ. ಎಲ್ಲ ಸಣ್ಣ ಸಣ್ಣವು, ಆದರೂ ಇವೆ. ಮಲಗಿದ ತಕ್ಷಣ ಕಣ್ಣು ಹತ್ತುತ್ತೆ ಅಂತ ತಂಗಿಯೂ ಹೇಳುತ್ತಾಳೆ. ಸುಳ್ಳು ಹೇಳುವವಳಲ್ಲ. ಇನ್ನೊಂದು ಮಾತನ್ನೂ ಒಪ್ಪಬೇಕು. ನನ್ನ 37 ಗಂಟೆಯ ಬೆನ್ನಿಗೆ ಯೂನಿಯನ್ ಇದೆ. ಅವಳ ಬೆನ್ನಿಗೆ ಮನೆ ಸಾಲ ಇದೆ, ಮಗನ ಕಾಲೇಜು ಫೀಸಿದೆ. ಅಮ್ಮನನ್ನು ನೋಡಿಕೊಳ್ಳುತ್ತಿರುವವಳೂ ಅವಳೇ, ನಾನಲ್ಲ. ಜನವರಿಯಲ್ಲಿ ನಾಲ್ಕಕ್ಕೇ ಕತ್ತಲಾಗಿ ನನಗೆ ಮಂಕು ಕವಿದಾಗ, ಹಾಲು ಕುಡಿದೆಯಾ ಅಂತ ಕೇಳುವವಳೂ ಅವಳೊಬ್ಬಳೇ.

ಮೊನ್ನೆ ಫೋನ್ ಮಾಡಿದ್ದೆ. ಡಾಕ್ಟರಿಗೆ ಹೇಳಿದಳಂತೆ. ಕ್ಯಾಪ್ಸೂಲ್ ನಿಲ್ಲಿಸಿ, ಕೆಲವು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ ಅಂದರಂತೆ. ನಿಲ್ಲಿಸಿದ್ದಾಳೆ. ನನ್ನ ಕಿಟಕಿಯಾಚೆ ಆಗ ಸಂಜೆ ಆರೂವರೆ, ಅವಳಿಗೆ ರಾತ್ರಿ ಹನ್ನೊಂದು. "ಇರಣ್ಣ, ಮ್ಯೂಟ್‌ನಲ್ಲಿದೀನಿ, ನನ್ನ ಹೆಸರು ಕೂಗ್ತಿದಾರೆ" ಅಂತ ಫೋನ್ ಇಟ್ಟಳು.